ಎದುರಿನಾಕಿಯ ಸಾಲು

ಒಂದಾನೊಂದು ಕಾಲದಲ್ಲಿ ಒಬ್ಬ ಮುದುಕಿಯ ದನಿ ಕಳುವಾಯಿತು. ಕದ್ದದ್ದು ರಾಕ್ಷಸನಲ್ಲ, ಪುಣೆಯ ಒಂದು ಕಂಪನಿ. ಕಂಪನಿ ಅದನ್ನು ಏಳು ಸಮುದ್ರದಾಚೆಯ ಗಿಣಿಯ ಕೊರಳಲ್ಲಿ ಬಚ್ಚಿಡಲಿಲ್ಲ. ಒಂದು ವಿಡಿಯೋ ಗೇಮಿನ ತಳದಲ್ಲಿ ಎಸೆದು ಮರೆತುಬಿಟ್ಟಿತು. ಆಮೇಲೆ ಮುದುಕಿಯ ಮೊಮ್ಮಗಳು ಏನು ಮಾಡಿದಳೆಂದರೆ...

"ಮೇಡಂ, ಆಧಾರ್ ತೋರಸ್ರಿ."

ಕಂಡಕ್ಟರ್ ಎರಡನೆಯ ಸಲ ಕೇಳುತ್ತಿದ್ದ. ಶಿವಾನಿ ಕಿವಿಯಿಂದ ಇಯರ್‌ಫೋನ್ ಕಿತ್ತು ಕಾರ್ಡು ಹಿಡಿದಳು.

"ಎಲ್ಲಿಗ್ರಿ?"

"ಹುಕ್ಕೇರಿ. ಅಲ್ಲಿಂದ ಹತ್ತರಗಿ. ನಮ್ಮ ಸಣ್ಣಾಯಿ ಮನಿಗೆ."

"ನಾ ಹುಕ್ಕೇರಿತನಾ ಅಷ್ಟ ಕೇಳೇನ್ರಿ."

ಮುಂದಿನ ಸೀಟಿನ ಹೆಂಗಸು ನಕ್ಕಳು. ಶಿವಾನಿಗೆ ಸಿಟ್ಟು ಬಂತು. ಬೆಳಿಗ್ಗೆಯಿಂದ ಅದು ಎಲ್ಲರ ಮೇಲೂ ಬರುತ್ತಿತ್ತು.

ಬೆಳಿಗ್ಗೆ ಗೋಕಾಕದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವಳು ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕಂಪ್ಯೂಟರ್ ಕಲಿಸುವ ಬಾಳೇಶ ತನ್ನ ಫೋನು ಅವಳ ಮುಂದಿಟ್ಟ.

"ಮೇಡಂ, ನಿಮ್ಮ ಆಯಿ ಒಂದ್ ಗೇಮಿಗೆ ಹಾಡಿದ್ರು ಅಂದಿದ್ರೆಲ್ಲ? ಅದರಾಗಿನ ಹೊರಗ ಬರಲಾರದ ಹಾಡು ಯಾರೋ ಹುಡುಕಿ ತಗದಾರ್ರಿ. ನಿಮ್ಮ ಆಯಿ ಇವರೇನ್ ನೋಡ್ರಿ."

ಆಯಿಯೇ. ಕಲ್ಲೋಳಿಯ ಉದ್ದವ್ವ. ಸತ್ತು ವರ್ಷ ಕಳೆದಿದ್ದ ಅಜ್ಜಿ ಬಾಳೇಶನ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡಳು.

ಆಟ ಮಾರುಕಟ್ಟೆಗೆ ಬಂದಾಗ ಆಯಿಯ ಹಾಡು ಅದರಲ್ಲಿರಲಿಲ್ಲ. ಶಿವಾನಿ ಯಾರು ಯಾರೋ ಆಡಿದ ವಿಡಿಯೋಗಳನ್ನು ಕೊನೆಯ ತನಕ ನೋಡಿದ್ದಳು. ಕುದುರೆ, ಕತ್ತಿ, ಉರಿಯುವ ಕೋಟೆ. ಆಯಿ ಎಲ್ಲಿಯೂ ಇಲ್ಲ. ಆದರೆ ಕಂಪನಿ ಹಾಡನ್ನು ಅಳಿಸಿಯೂ ಇರಲಿಲ್ಲವಂತೆ.

"ಮನಿ ಕೆಡವಂಗಿಲ್ರಿ ಅವರು, ಬಾಗಲಾ ಅಷ್ಟ ಕಟ್ಟಿಬಿಡ್ತಾರ," ಎಂದ ಬಾಳೇಶ. "ಫೈಲ್ ಒಳಗ ಹಂಗ ಉಳದಿರ್ತಾವು. ಹುಚ್ಚರು ಇರ್ತಾರಲ್ರಿ, ಗ್ವಾಡಿ ಒಡದು ಒಳಗ ಹೋಗಾಕ."

ಫೈಲಿಗೆ ಕಂಪನಿಯವರು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು: ಮುದಿ ಮಾಟಗಾತಿ, ಬೇಡ.

ಅದು ಬೀಸುಕಲ್ಲಿನ ಹಾಡು. ಇಬ್ಬರು ಎದುರುಬದುರು ಕೂತು ಹಾಡುವಂಥದು. ಒಬ್ಬಳು ಕೇಳಬೇಕು, ಇನ್ನೊಬ್ಬಳು ಉತ್ತರ ಹೇಳಬೇಕು. ಕೇಳಿದವಳು ತಾನೇ ಉತ್ತರ ಹಾಡುವಂತಿಲ್ಲ. "ಎದುರಿನಾಕಿ ಸಾಲಿಗೆ ಬಾಯಿ ಹಾಕಬಾರದವಾ, ಎಂಜಲಾ ಆಗತೈತಿ," ಎನ್ನುತ್ತಿದ್ದಳು ಆಯಿ. ರೆಕಾರ್ಡಿಂಗಿಗೆ ಮೂಡಲಗಿಯ ಲಾಡ್ಜಿನ ಕೋಣೆಯೊಂದರ ಗೋಡೆಗೆಲ್ಲ ಗಾದಿ ನಿಲ್ಲಿಸಿ ಆಯಿಯನ್ನು ಕೂರಿಸಿದಾಗ ಶಿವಾನಿ ಹೇಳಿದ್ದಳು, ಇದಕ್ಕೆ ಇಬ್ಬರು ಬೇಕು ಎಂದು. ಒಬ್ಬರು ಸಾಕು ಎಂದರು. ಹಾಗಾಗಿ ಆಯಿ ಒಬ್ಬಳೇ ಹಾಡಿದಳು. ಒಂದು ಸಾಲು ಕೇಳುವಳು, ಎದುರಿನಾಕಿಯ ಸಾಲು ಎಷ್ಟು ಉದ್ದವೋ ಅಷ್ಟು ಹೊತ್ತು ಸುಮ್ಮನಿರುವಳು, ಮತ್ತೆ ಕೇಳುವಳು.

*ಅಗಸಿ ಬಾಗಿಲದಾಗ ಯಾರ ನಿಂತಾರ ನೋಡ.*

ಮೌನ.

*ಬಿಸಲಾಗ ನಿಂತವರ ಹೆಸರೇನ ಕೇಳ.*

ಮೌನ.

ಫೋನಿನಲ್ಲಿ ಹಾಡಿನ ಕೆಳಗೆ ನಾಡುನಾಡಿನವರು ಟಿಪ್ಪಣಿ ಬರೆದಿದ್ದರು. ಆ ಖಾಲಿ ಜಾಗ ಆಟಗಾರ ಕತ್ತಿ ಬೀಸಲಿಕ್ಕೆ ಬಿಟ್ಟಿದ್ದು ಎಂದು ಒಬ್ಬ. ಸಂಗೀತ ನಿರ್ದೇಶಕನ ಪ್ರತಿಭೆ ಎಂದು ಒಬ್ಬ. ಮುದುಕಿಗೆ ಸಾಲು ಮರೆತಿದೆ ಎಂದು ಇನ್ನೊಬ್ಬ, ಪಕ್ಕದಲ್ಲಿ ನಗುವ ಮುಖ. ಹಾಡನ್ನು ಹೊರತೆಗೆದವನಂತೂ ಅದರ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ 'ಸ್ವಚ್ಛ ಮಾಡಿದ್ದು' ಎಂದು ಇನ್ನೊಂದನ್ನು ಹಾಕಿದ್ದ. ಜನ ಮೆಚ್ಚಿದ್ದು ಅದನ್ನೇ.

ಸ್ವಚ್ಛ. ಆ ಶಬ್ದಕ್ಕೆ ಅವಳ ಮೈ ಉರಿಯಿತು. ಕಂಪನಿಗೆ ಫೋನು ಮಾಡಿದಳು. ಅತ್ತ ಒಂದು ಮಧುರವಾದ ಹುಡುಗಿಯ ದನಿ, ಆ ಹಾಡು ನಮ್ಮ ಆಟದಲ್ಲಿಲ್ಲ ಮ್ಯಾಮ್, ಇಲ್ಲದ್ದರ ಬಗ್ಗೆ ನಾವೇನು ಹೇಳಲಿ, ಎಂದಿತು.

"ಯಾಕ್ರಿ ಇಷ್ಟ ಸಿಟ್ಟಾಗ್ತೀರಿ?" ಎಂದ ಬಾಳೇಶ. "ಖುಷಿ ಪಡ್ರಿ. ಆಯಿ ಜಗತ್ತಿಗೆಲ್ಲ ಕೇಳಾಕತ್ತಾರ."

ಜಗತ್ತು ಯಾರಿಗೆ ಬೇಕಿತ್ತು. ಆಯಿ ಕೊನೆಯ ದಿನಗಳಲ್ಲಿ ಕೇಳಿದ್ದು ಒಂದೇ: "ಆ ಹಾಡ ಸಿಕ್ಕರ ಕಾಶೆವ್ವಗ ಕೇಳಸವಾ. ಆಕಿ ಸಾಲು ಆಕಿ ಹಾಡ್ಲಿ." ಕಾಶೆವ್ವ ಆಯಿಯ ನೆಗೆಣ್ಣಿ, ಮೈದುನನ ಹೆಂಡತಿ; ಶಿವಾನಿಗೆ ಸಣ್ಣಾಯಿ. ಒಂದೇ ಮನೆಯಲ್ಲಿ ಒಂದೇ ಕಲ್ಲು ಬೀಸಿದವರು. ಮನೆ ಪಾಲಾದ ಮೇಲೆ ಕಾಶೆವ್ವ ಹತ್ತರಗಿಯ ಮಗಳ ಮನೆ ಸೇರಿದ್ದಳು. ಶಿವಾನಿ ಮಾತು ಕೊಟ್ಟಿದ್ದಳು. ಊರ ಅಗಸಿ ಬಾಗಿಲಲ್ಲಿ ಯಾರು ನಿಂತಿದ್ದರು ಎಂದು ಬಲ್ಲವಳು ಈಗ ಭೂಮಿಯ ಮೇಲೆ ಅವಳೊಬ್ಬಳೇ.

ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ತೆವಳುತ್ತಿತ್ತು. ಶಿವಾನಿ ಮತ್ತೆ ಇಯರ್‌ಫೋನ್ ಹಾಕಿಕೊಂಡಳು. ಆಯಿ ಕೇಳಿದಳು, ನಿಂತಳು. ಶಿವಾನಿ ಬಾಯಿ ತೆರೆದಳು. ಅವಳು ಎಂ.ಎ. ಮಾಡಿದ್ದಳು, ಆಯಿಯ ಕಥೆಗಳನ್ನೆಲ್ಲ ಬಾಯಿಪಾಠ ಹೇಳಬಲ್ಲಳು, ಆ ಜಾಗಕ್ಕೆ ಹಾಕಲು ಅವಳಲ್ಲಿ ಒಂದು ಶಬ್ದವೂ ಇರಲಿಲ್ಲ.

ಹತ್ತರಗಿಯಲ್ಲಿ ಮನೆ ಹೆದ್ದಾರಿಯ ಪಕ್ಕದಲ್ಲೇ. ಕಾಶೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಯಾರ?"

"ನಾ ಸಣ್ಣಾಯಿ, ಕಲ್ಲೋಳಿ ಶಿವಾನಿ. ಉದ್ದವ್ವನ ಮೊಮ್ಮಗಳು."

"ಲಗ್ನಾ ಗೊತ್ತಾತೇನ?"

"ಇಲ್ಲ."

"ಮತ್ಯಾಕ ಬಂದಿ?"

"ಆಯಿ ಹಾಡು ತಂದೇನಿ. ನಿನಗ ಕೇಳಸಂದಿದ್ಲು."

"ಸತ್ತ ಮ್ಯಾಲೂ ಬಾಯಿ ಮುಚ್ಚಿಲ್ಲ ಅನ್ನು."

ಒಳಗಿನಿಂದ ಮಗಳು ಶೋಭಾ ಬಂದಳು. "ಅವ್ವಗ ಕಿವಿ ಮಂದ ಆಗ್ಯಾವವಾ. ತಡಿ," ಎಂದು ಹಿಟ್ಟು ತೀರಿದ್ದ ಸ್ಟೀಲಿನ ಡಬ್ಬಿಯೊಂದನ್ನು ತಂದು ನಡುವೆ ಇಟ್ಟಳು. "ಫೋನ್ ಇದರಾಗ ಇಡು. ದೊಡ್ಡದ ಕೇಳತೈತಿ."

ಶಿವಾನಿ ಗಡಿಬಿಡಿಯಲ್ಲಿ ಬೆರಳಿಟ್ಟಳು. ಡಬ್ಬಿ ಗುಂಯ್‌ಗುಟ್ಟಿತು. ಸಾಲಿನ ಬೆನ್ನಿಗೆ ಸಾಲು, ಪ್ರಶ್ನೆಯ ಬೆನ್ನಿಗೆ ಪ್ರಶ್ನೆ, ನಡುವೆ ಉಸಿರಿಗೂ ಎಡೆಯಿಲ್ಲ. ಸ್ವಚ್ಛ ಮಾಡಿದ್ದು. ಅವಳು ನಿಲ್ಲಿಸಲು ಕೈ ಹಾಕಿದಳು. ಕಾಶೆವ್ವ ಹುಣಸೆ ಮೆತ್ತಿದ ಅಂಗೈ ಅಡ್ಡ ಹಿಡಿದಳು. ಕೊನೆಯ ತನಕ ಕೇಳಿದಳು.

"ಹೌದ," ಎಂದಳು. "ಆಕಿನ. ಅಗದೀ ಹಂಗ ಐತಿ."

"ಇಲ್ಲ ಸಣ್ಣಾಯಿ, ಇದು ಖರೇದಲ್ಲ. ಯಾವನೋ ಕತ್ತರಿಸ್ಯಾನ. ಆಯಿ ನಿನ್ನ ಸಲುವಾಗಿ ನಡುನಡುವ ಜಾಗಾ ಬಿಟ್ಟಾಳ."

"ನನ್ನ ಸಲುವಾಗಿ?"

"ಎದುರಿನಾಕಿ ಸಾಲಿಗೆ ಬಾಯಿ ಹಾಕಬಾರದು ಅಂತಿದ್ಲು."

"ಹಂಗ ಹೇಳಿದ್ಲ ನಿನಗ?" ಕಾಶೆವ್ವ ಮಗಳ ಕಡೆ ತಿರುಗಿದಳು. "ಕೇಳಿದೇನ ಶೋಭಾ? ನಾ ಬಾಯಿ ತಗಿಯೂದ್ರಾಗ ಮುಂದಿನ ಸಾಲು ಎತ್ತತಿದ್ಲು. ಒಂದ ದಿನಾ ನನ್ನ ಸಾಲು ಮುಗಸಗೊಡಲಿಲ್ಲ. ನನ್ನ ಗಂಡ ಸತ್ತಾಗ ನಾ ಅಳಾಕ ಚಾಲೂ ಮಾಡೂದ್ರಾಗ ಆಕಿ ಅತ್ತ ಮುಗಿಸಿದ್ಲು."

ಶೋಭಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

ಶಿವಾನಿಯ ಸಿಟ್ಟು ಹಿಡಿದು ನಿಲ್ಲಲು ಜಾಗ ಹುಡುಕಿತು. ಕಂಪನಿ, ಆ ಕತ್ತರಿಸಿದವನು, ಬಾಳೇಶ. ಈಗ ಈ ಮುದುಕಿ. ಇಲ್ಲವೇ ಆಯಿ. ಆಯಿಯ ಹೆಸರು ಬಂದೊಡನೆ ಅವಳು ಆ ಯೋಚನೆಯಿಂದ ಕೈ ಹಿಂತೆಗೆದಳು.

"ಉತ್ತರ ಏನಿತ್ತು, ಸಣ್ಣಾಯಿ? ಅಗಸ್ಯಾಗ ಯಾರ ನಿಂತಿದ್ರು?"

"ಇಷ್ಟ ದಿನಾ ಯಾರ ಕೇಳ್ಯಾರ ಅದನ್ನ?"

"ನಾ ಕೇಳಾಕತ್ತೇನಿ."

"ನೀ ಕೇಳಾಕತ್ತಿಲ್ಲ. ಆಕಿ ನಿನ್ನ ಕಡಿಂದ ಕೇಳಸಾಕತ್ತಾಳ."

ಶಿವಾನಿ ಮೂಲ ಹಾಡನ್ನು ಹುಡುಕಿ ಡಬ್ಬಿಯಲ್ಲಿಟ್ಟಳು. ಆಯಿ ಮೊದಲ ಸಾಲು ಹಾಡಿ ನಿಂತಳು. ಖಾಲಿ ಜಾಗದಲ್ಲಿ ಹೆದ್ದಾರಿಯ ಲಾರಿಯೊಂದು ಹಾದುಹೋಯಿತು. ಕಾಶೆವ್ವ ತುಟಿ ಬಿಗಿಹಿಡಿದಿದ್ದಳು. ಒಂದು ಬೀಜ ನೆಲಕ್ಕೆ ಬಿತ್ತು.

ಎರಡನೆಯ ಸಾಲು. ಎರಡನೆಯ ಜಾಗ.

"ಅವ್ವಾ, ಹಾಡಬಾರದ?" ಎಂದಳು ಶೋಭಾ. "ಹುಡುಗಿ ಅಷ್ಟ ದೂರದಿಂದ ಬಂದೈತಿ."

"ಸುಮ್ಮನಿರ. ಇದು ಉದ್ದವ್ವ ಅಲ್ಲ. ಮಷೀನಿನ ಮುಂದ ಶಾಣ್ಯಾಕಿ ಆಗ್ಯಾಳ."

ಮುದುಕಿಯ ಭುಜ ಹಿಡಿದು ಅಲುಗಾಡಿಸಬೇಕು ಎನ್ನಿಸಿತು ಶಿವಾನಿಗೆ. ಹಾಡು, ಸುಮ್ಮನೆ ಹಾಡು, ನನಗೆ ಆ ಜಾಗ ತುಂಬಬೇಕಾಗಿದೆ. ಅಷ್ಟರಲ್ಲಿ ಹಾಡಿನ ಕೆಳಗಿನ ಟಿಪ್ಪಣಿಗಳು ನೆನಪಾದವು. ಅವರಿಗೂ ಬೇಕಾಗಿದ್ದದ್ದು ಅಷ್ಟೇ. ಅವಳಿಗೆ ನಾಚಿಕೆಯಾಗಲಿಲ್ಲ, ಇನ್ನಷ್ಟು ಸಿಟ್ಟು ಬಂತು.

ಮೂರನೆಯ ಸಾಲಿಗೆ ಆಯಿ ಉಸಿರೆಳೆದುಕೊಂಡಳು. ಕಾಶೆವ್ವ ಪಕ್ಕದಲ್ಲಿದ್ದ ಮುಚ್ಚಳ ತೆಗೆದುಕೊಂಡು ಡಬ್ಬಿಯ ಮೇಲಿಟ್ಟು ಅಂಗೈಯಿಂದ ಗುದ್ದಿದಳು.

"ಈಗ ಹಾಡ," ಎಂದಳು ಡಬ್ಬಿಗೆ.

ಒಳಗಿನಿಂದ ಆಯಿಯ ದನಿ ಬಾವಿಯ ತಳದಿಂದ ಬಂದಂತೆ ಬಂತು. ಆಗ ಕಾಶೆವ್ವ, ಅದುರುತ್ತಿದ್ದ ಮುಚ್ಚಳದಿಂದ ಅಂಗೈ ತೆಗೆಯದೆ, ಹಾಡತೊಡಗಿದಳು. ಮುರುಕು ದನಿ, ಆದರೆ ತಾಳ ತಪ್ಪಲಿಲ್ಲ. ಬಿಟ್ಟ ಜಾಗದಲ್ಲಲ್ಲ, ಉದ್ದವ್ವ ಹಾಡುತ್ತಿರುವಾಗಲೇ, ಅವಳ ಸಾಲಿನ ಮೇಲೆಯೇ. ಡಬ್ಬಿ ಸುಮ್ಮನಾದಾಗ ಅವಳೂ ಸುಮ್ಮನಾದಳು, ಗದ್ದವೆತ್ತಿ, ಕಾದು. ಡಬ್ಬಿ ಶುರುಮಾಡಿದೊಡನೆ ಶುರುಮಾಡಿದಳು. ಪ್ರಶ್ನೆಯೂ ಉತ್ತರವೂ ಒಂದರ ಮೇಲೊಂದು ಬಿದ್ದವು. ಶಿವಾನಿ ಬಗ್ಗಿ ಬಗ್ಗಿ ಕೇಳಿದಳು. ಒಂದು ಹೆಸರು ಬಂದಂತಾಯಿತು, ಅದು ಹೆಸರಲ್ಲದಿರಬಹುದು. ಒಂದು ಶಬ್ದವೂ ಕೈಗೆ ಸಿಗಲಿಲ್ಲ. ಇಬ್ಬರೂ ನಿಂತಾಗ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು, ಹೆದ್ದಾರಿಯ ಸದ್ದು.

ಕಾಶೆವ್ವ ಕೈ ಒರೆಸಿಕೊಂಡಳು.

"ಆತಲ್ಲ, ನಿಮ್ಮಾಯಿ ಹೇಳಿದ ಕೆಲಸ?"

"ಇನ್ನೊಮ್ಮೆ..."

"ನನ್ನದ ಮುಗೀತ."

"ಆತು," ಎಂದಳು ಶಿವಾನಿ.

ಕಾಶೆವ್ವ ಮತ್ತೆ ಹುಣಸೆಹಣ್ಣಿಗೆ ಬಗ್ಗಿದಳು. ಶಿವಾನಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿ ಹಚ್ಚಿದಳು. ಒಳಗೆ ಏನೂ ಇಲ್ಲ. ಹಾಡು ಮುಗಿದಿತ್ತೋ, ಬಿಟ್ಟ ಜಾಗವೊಂದು ಇನ್ನೂ ಸಾಗುತ್ತಿತ್ತೋ ತಿಳಿಯಲಿಲ್ಲ. ಮುಚ್ಚಳದ ಅಂಚಿಗೆ ಉಗುರು ಹಾಕಿ ಎಳೆದಳು. ಅದು ಬಿಗಿಯಾಗಿ ಕೂತಿತ್ತು.