ಎಂಜಿನ್ನಿನ ಬಲಮುಚ್ಚಳ

ಭಾವ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮೇಸ್ತ್ರಿ ಯಾರದೋ ಸ್ಕೂಟರಿನ ಬ್ರೇಕು ಬಿಗಿಯುತ್ತಿದ್ದ. ಇಳಿಜಾರಿನಲ್ಲಿ ಮೋಟಾರ್ ಸೈಕಲ್ಲಿನ ಹಿಂಚಕ್ರ ಒಮ್ಮೆಲೇ ಕಚ್ಚಿ ನಿಂತಿತಂತೆ, ಗಾಡಿ ಮಗುಚಿತಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಆ ಹಳೆಯ ಗಾಡಿಯ ಎಂಜಿನ್ನನ್ನು ನಾಲ್ಕು ದಿನದ ಹಿಂದೆ ಬಿಚ್ಚಿ ಕಟ್ಟಿದವನು ಅವನೇ.

ಮೂರು ವಾರ ಕಳೆದ ಮೇಲೆ ಅಕ್ಕ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದಳು.

"ಜನ ಬಾಯಿಗೆ ಬಂದ ಹಾಗೆ ಮಾತಾಡ್ತಿದಾರೆ ಕಣೋ. ಈ ವಯಸ್ಸಲ್ಲಿ ಹುಚ್ಚುಹುಚ್ಚಾಗಿ ಓಡಿಸಿ ಸತ್ತ ಅಂತಾರೆ. ನಿಮ್ಮ ಭಾವ ಓಡಿಸೋದನ್ನ ನೀನು ನೋಡಿಲ್ವಾ? ಸೈಕಲ್ಲಿನವರೂ ಗಂಟೆ ಬಾರಿಸಿ ಮುಂದೆ ಹೋಗ್ತಿದ್ರು! ಏನಾಗಿದೆ, ಬಿಚ್ಚಿ ನೋಡು."

"ಬೇರೆ ಯಾರಾದ್ರೂ ನೋಡ್ಲಿ ಅಕ್ಕಾ."

"ನಿನ್ನ ಬಿಟ್ಟು ಇನ್ಯಾರನ್ನ ನಂಬಲಿ?" ಎನ್ನುತ್ತ ಅವಳು ಸ್ಟೂಲು ಎಳೆದುಕೊಂಡು ಬಾಗಿಲಿನಲ್ಲೇ ಕುಳಿತಳು.

ಅಂಗಡಿಯೆಂದರೆ ಒಂದೇ ಬಾಗಿಲಿನ ಇಕ್ಕಟ್ಟು ಕೋಣೆ. ಹಿಂದೆ ಗೋಡೆ, ಮುಂದೆ ಗಾಡಿ, ಅದರಾಚೆ ಅಕ್ಕ. ಮೇಸ್ತ್ರಿ ಕೆಟ್ಟಿರಲಾರದ್ದನ್ನೆಲ್ಲ ಮೊದಲು ನೋಡಿದ. ನ್ಯೂಟ್ರಲಿಗೆ ತಂದು ಚಕ್ರ ತಿರುಗಿಸಿದ, ಸಲೀಸಾಗಿ ತಿರುಗಿತು. ಬ್ರೇಕಿನ ತಪ್ಪಲ್ಲ, ಚೈನಿನ ತಪ್ಪಲ್ಲ. ಕಿಕ್ಕರು ತುಳಿದರೆ ಕಲ್ಲಿನಂತೆ ಅಲುಗಲಿಲ್ಲ.

"ಎಂಜಿನ್ನು ಹಿಡ್ಕೊಂಡಿದೆ, ಗೇರಿನಲ್ಲಿದ್ದ ಚಕ್ರಾನೂ ಅದರ ಜೊತೆ ನಿಂತಿದೆ. ಒಳಗೆ ಆಯಿಲ್ ಸಿಕ್ಕಿಲ್ಲ."

"ಆಯಿಲ್ಲೇ ಇರ್ಲಿಲ್ವಾ?"

ಕೆಳಗಿನ ಬೋಲ್ಟು ಬಿಚ್ಚಿದ. ಆಯಿಲು ಧಾರಾಳವಾಗಿ ಇಳಿಯಿತು. ಇದ್ದದ್ದು ಹೋಗಬೇಕಾದ ಕಡೆ ಹೋಗಿರಲಿಲ್ಲ.

ಇನ್ನುಳಿದದ್ದು ಬಲಮುಚ್ಚಳ. ಎಂಜಿನ್ನಿನ ಒಳಗೆ ಆಯಿಲು ಹಾಯುವ ಸಣ್ಣ ತೂತು ಇರುವುದು ಅದರಲ್ಲೇ. ಆಯಿಲು ಜಿನುಗದಂತೆ ಮುಚ್ಚಳದ ಸಂದಿಗೆ ಇಡುವ ಗ್ಯಾಸ್ಕೆಟ್ಟು ಆ ಗಾಡಿಗೆ ಈಗ ಎಲ್ಲೂ ಸಿಗದೆ, ದಪ್ಪ ಕಾಗದವನ್ನು ಮುಚ್ಚಳದ ಮೇಲಿಟ್ಟು ಸುತ್ತಿಗೆಯಲ್ಲಿ ಅಂಚು ತಟ್ಟಿ ಅವನೇ ಕತ್ತರಿಸಿದ್ದ. ಭಾವ ಪಕ್ಕದಲ್ಲೇ ನಿಂತು ರೇಗಿಸಿದ್ದರು: "ನೀನು ಕಟ್ಟಿದ ಗಾಡಿ ನಿಂತಲ್ಲೆಲ್ಲ ನಿನ್ನ ಸಹಿ ಹಾಕುತ್ತಲ್ಲಯ್ಯಾ ಬಾಮೈದ! ಆಯಿಲ್ ಒರೆಸಿ ಒರೆಸಿ ನಿಮ್ಮಕ್ಕನ ಕೈ ಸವೆದು ಹೋಯ್ತು." ಈ ಸಲ ಒಂದು ಹನಿಯೂ ಜಿನುಗಕೂಡದೆಂಬ ಹಟಕ್ಕೆ ಬಿದ್ದು ಮೇಸ್ತ್ರಿ ಅಂಟನ್ನು ಎರಡು ಪದರ ಬಳಿದಿದ್ದ.

ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಮುಚ್ಚಳ ಎತ್ತಿದ. ಹೆಚ್ಚಾಗಿ ಒಳಕ್ಕೆ ಉಬ್ಬಿ ಒಣಗಿದ್ದ ಅಂಟಿನ ಚೂರೊಂದು ಕಿತ್ತುಬಂದು ತೂತಿಗೆ ಬಿರಡೆಯಂತೆ ಸಿಕ್ಕಿಕೊಂಡಿತ್ತು. ಜೋಳದ ಕಾಳಿನಷ್ಟೂ ಇರಲಿಲ್ಲ.

ಬಟ್ಟೆ ಹಿಡಿದ ಕೈ ತಾನಾಗಿ ಮುಂದೆ ಹೋಯಿತು. ಒಮ್ಮೆ ಒರೆಸಿ, 'ಜೋರಾಗಿ ಓಡಿಸಿದ್ದಕ್ಕೇ ಹೀಗಾಗಿದೆ' ಎಂದುಬಿಟ್ಟರೆ ಸಾಕು. ಸತ್ತವರು ಎದ್ದು ಬಂದು ಇಲ್ಲವೆನ್ನುವುದಿಲ್ಲ. ಬದುಕಿರುವಷ್ಟು ದಿನ ಆ ಸುಳ್ಳಿನೊಳಗೇ ತಾನು ಬಿದ್ದಿರಬೇಕು, ಅಷ್ಟೆ. ಮೇಸ್ತ್ರಿ ಬಟ್ಟೆಯನ್ನು ಕೆಳಗಿಟ್ಟ.

"ಅಕ್ಕಾ, ಇಲ್ಲಿ ನೋಡು. ಭಾವನ ತಪ್ಪಲ್ಲ. ಆಯಿಲ್ ದಾರೀಲಿ ನಾನು ಬಳಿದ ಅಂಟು ಸಿಕ್ಕೊಂಡಿದೆ."

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ಅವರು ನಿಧಾನವಾಗೇ ಹೋಗ್ತಿದ್ರು, ಅಲ್ವಾ?"

"ಹೂಂ."

"ಇದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ ಅಕ್ಕಾ."

ಅವಳು ಬೈಯಲಿಲ್ಲ, ಅಳಲಿಲ್ಲ, ಬಾಗಿಲು ಬಿಟ್ಟು ಏಳಲೂ ಇಲ್ಲ. ಮೇಸ್ತ್ರಿ ಇದ್ದಲ್ಲೇ ಮೊಣಕಾಲೂರಿ, ಮಸಿ ಮೆತ್ತಿದ ಕೈಗಳನ್ನು ಜೋಡಿಸಿದ.

"ದೇವರೇ, ನನ್ನನ್ನು ಕ್ಷಮಿಸೆಂದು ಕೇಳಲು ನನಗಿನ್ನೂ ಬಾಯಿಲ್ಲ. ಸತ್ತ ಮೇಲೂ ಮಾಡದ ತಪ್ಪಿನ ಮಾತು ಹೊತ್ತ ಜೀವ ಅದು. ಆ ಭಾರವನ್ನು ಇಳಿಸಿ, ನಿನ್ನ ಮಡಿಲಿನಲ್ಲಿ ಮಲಗಿಸಿಕೋ. ನಮ್ಮ ಭಾವನಿಗೆ ಶಾಂತಿ ಕೊಡು."