ಸುತ್ತಿಗೆ ತರಿಸಿದ ಔತಣ

ಎಂಬತ್ತರ ದಶಕದಲ್ಲಿ ಜೆರಾರ್ಡ್ ಸ್ಟ್ರೌಡ್ ಕಂಪನಿಗಳನ್ನು ಕೊಂಡು, ತುಂಡು ತುಂಡು ಮಾಡಿ ಮಾರುತ್ತಿದ್ದ. ನ್ಯೂಯಾರ್ಕಿನಲ್ಲಿ ಆ ಕಸುಬಿಗೆ ಎಲ್ಲಿಲ್ಲದ ಮರ್ಯಾದೆ. ಈ ಸಲ ಅವನ ಕಣ್ಣು ಬಿದ್ದದ್ದು ಓಹಾಯೋದ ಒಂದು ಪಿಂಗಾಣಿ ತಟ್ಟೆ ಕಾರ್ಖಾನೆಯ ಮೇಲೆ. ಅದರ ಮ್ಯಾನೇಜರ್ ವಾಲ್ಟರ್ ಪ್ರೂಯಿಟ್ ಈಗ ನ್ಯೂಯಾರ್ಕಿನ ಹೋಟೆಲೊಂದರಲ್ಲಿ, ಸ್ಟ್ರೌಡನದೇ ಔತಣದಲ್ಲಿ ಕೂತಿದ್ದ. ಸತ್ತ ಮಾಲೀಕನ ಹೆಂಡತಿ ಎಡ್ನಾ ತನ್ನ ಷೇರುಗಳನ್ನು ಮಾರಿದರೆ ಮುಗಿಯಿತು. ತಟ್ಟೆ ಸುಡುವ ಭಟ್ಟಿ ಆರುತ್ತದೆ, ಊರಿಗೆ ಊರೇ ಕೆಲಸವಿಲ್ಲದೆ ಕೂರುತ್ತದೆ. ವಯಸ್ಸಾಯಿತು, ಇನ್ನು ನನ್ನಿಂದಾಗದು ಎಂದು ಆಕೆ ಮಾರಲೆಂದೇ ಬಂದಿದ್ದಳು. ಪೆನ್ನು ಕೈಯಲ್ಲೇ ಇತ್ತು.

ಬೆಳ್ಳಿ ಬಾನಿಯ ತುಂಬ ದುಬಾರಿ ಮೀನಿನ ಮೊಟ್ಟೆ. ಪ್ರತಿ ಅತಿಥಿಯ ಕರವಸ್ತ್ರದೊಳಗೊಂದು ಚಿನ್ನದ ಗಡಿಯಾರ. ತಿನ್ನುವುದಕ್ಕಿಂತ ಮೆರೆಯುವುದಕ್ಕೆ ಮಾಡಿದ ಊಟ ಅದು.

ಗೆದ್ದ ಕಂಪನಿಯ ಒಂದು ಸಾಮಾನನ್ನು ಎಲ್ಲರೆದುರು ಒಡೆಯುವುದು ಸ್ಟ್ರೌಡನ ಪದ್ಧತಿ. ಸಹಿ ಬೀಳುವವರೆಗೆ ಕಾಯುವ ತಾಳ್ಮೆ ಮಹಾಶಯನಿಗೆ ಎಲ್ಲಿಂದ ಬರಬೇಕು? ಕಾರ್ಖಾನೆಯ ತಟ್ಟೆಯೊಂದನ್ನೆತ್ತಿ ಅಮೃತಶಿಲೆಯ ನೆಲಕ್ಕೆ ಅಪ್ಪಳಿಸಿದ. ತಟ್ಟೆ ಠಣ್ಣೆಂದು ಪುಟಿದು, ಉರುಳಿ, ಮೇಜಿನಡಿ ಸೇರಿತು. ಅವನ ಕಡೆಯವರೇ ಕಿಸಕ್ಕೆಂದರು. ಇನ್ನೂ ಜೋರಾಗಿ ಎಸೆದ. ಬಿರುಕೂ ಬಿಡಲಿಲ್ಲ.

"ರೈಲ್ವೆ ಕ್ಯಾಂಟೀನಿಗೆ ಮಾಡಿದ್ದು ಸಾರ್," ಎಂದ ವಾಲ್ಟರ್. "ಬಿದ್ದೂ ಬಿದ್ದೂ ಅಭ್ಯಾಸ ಅದಕ್ಕೆ."

ಸ್ಟ್ರೌಡನ ಮುಖ ಕೆಂಪೇರಿತು. "ಯಾರಾದ್ರೂ ಸುತ್ತಿಗೆ ತನ್ರೋ."

ಅಡುಗೆಮನೆಯಿಂದ ಐಸು ಒಡೆಯುವ ಸುತ್ತಿಗೆ ಬಂತು. ಬೆವರಿಳಿಯುವವರೆಗೆ ಬಡಿದ. ಕೊನೆಗೂ ತಟ್ಟೆ ಚೂರಾಯಿತು, ಚಪ್ಪಾಳೆ ಬಿತ್ತು. ವಾಲ್ಟರ್ ತಲೆ ತಗ್ಗಿಸಿದ.

"ಈಗ ಸಹಿ ಹಾಕ್ತೀರಾ ಮೇಡಂ?" ಎಂದ ಸ್ಟ್ರೌಡ್.

ಎಡ್ನಾ ಪೆನ್ನಿನ ಮುಚ್ಚಳ ಹಾಕಿದಳು. "ಒಡೀಲಿಲ್ಲ ಅಂದಾಗ ನಿಂಗೆ ಖುಷಿ ಆಗ್ಬೇಕಿತ್ತಪ್ಪ. ಕೊಂಡ್ಕೊಳ್ಳೋಕೆ ಬಂದೋನು ನೀನು. ಎಂಥಾ ಗಟ್ಟಿ ಮಾಲು ಅಂತ ಬೀಗೋದು ಬಿಟ್ಟು ಸುತ್ತಿಗೆ ತರಿಸ್ದೆ."

"ತಮಾಷೆಗೆ ಮೇಡಂ. ಬೆಲೆ ಏರಿಸ್ತೀನಿ, ಹೇಳಿ."

"ನಿನ್ ಬೆಲೆ ನೀನೇ ಇಟ್ಕೋ. ವಾಲ್ಟರ್, ನನ್ ಕೋಟು ಕೊಡು."

ಕೋಟು ಹಿಡಿದ ವಾಲ್ಟರನಿಗೆ ಅಳು ಬಂತು. ನಾಚಿಕೆಪಡದೆ ಅತ್ತ.

ಹೋಟೆಲಿನ ಬಾಗಿಲ ಬಳಿಯ ಫೋನಿನಿಂದ ಅವನು ಕಾರ್ಖಾನೆಯ ಮೇಸ್ತ್ರಿಗೆ ಕರೆ ಮಾಡಿದ. "ಡ್ವೈಟ್, ಚಳಿಗಾಲದ ಕೆಲಸಕ್ಕೆ ಪಿಂಗಾಣಿ ಮಣ್ಣು ತರಿಸಪ್ಪಾ."

ಆ ಕಡೆಯಿಂದ ಡ್ವೈಟ್ ಕೂಗಿದ, "ಮಾರ್ಲಿಲ್ವಾ? ಎಷ್ಟು ತರಿಸ್ಲಿ ಸಾರ್?"

ಎಡ್ನಾ ರಿಸೀವರ್ ಕಿತ್ತುಕೊಂಡಳು. "ಶೆಡ್ಡು ತುಂಬೋಷ್ಟು ತರ್ಸೋ," ಎಂದಳು.