ಹಸಿರು ದೀಪಕ್ಕೆ ಅಡ್ಡ ನಿಂತ ಟಂಟಂ

ಚೌಡಾಪುರದಿಂದ ಶಹರಕ್ಕೆ ಹೊರಟ ಪೀರಪ್ಪನ ಟಂಟಂ ಆಟೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಭದ್ರಾಬಾಯಿ ಮೆಂತ್ಯ ಸೊಪ್ಪಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಚಡಪಡಿಸುತ್ತಿದ್ದಳು. ಹೊತ್ತೇರಿದರೆ ಬಾಡಿದ ಸೊಪ್ಪನ್ನು ಕೇಳುವವರಾರು?

ಶಹರದ ದೊಡ್ಡ ಚೌಕದಲ್ಲಿ ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ.

"ಸಿಗ್ನಲ್ ಕೆಟ್ಟದ ಪೀರಪ್ಪ, ಹೊಡಿ ಗಾಡಿ," ಎಂದಳು.

"ಕೆಟ್ಟಿಲ್ರಿ ಅಕ್ಕಾ. ಇದು ಹೊಸಾದು. ಅಂಬುಲೆನ್ಸ್ ಬರೂದು ಇದಕ್ಕ ಮೊದಲೇ ತಿಳೀತದ. ಅದಕ್ಕ ಹಸಿರು ಕೊಟ್ಟು ನಮ್ಮನ್ನ ನಿಂದ್ರಸ್ತದ. ಪೊಲೀಸರು ಹೇಳ್ಯಾರ."

"ಎಲ್ಲದೋ ನಿನ್ನ ಅಂಬುಲೆನ್ಸ್? ಕಾಣವಲ್ದು, ಕೇಳವಲ್ದು!"

ಉಳಿದವರೂ ದನಿಗೂಡಿಸಿದರು. ಪೀರಪ್ಪ ಮೆತ್ತನೆಯ ಮನುಷ್ಯ. ಗಾಡಿ ಬಿಟ್ಟ. ಅವನನ್ನು ನೋಡಿ ಹಿಂದಿನ ಬೈಕುಗಳೂ ನುಗ್ಗಿದವು. ಅಡ್ಡರಸ್ತೆಯ ಗಾಡಿಗಳಿಗೆ ಹಸಿರಿತ್ತು, ಅವೂ ಬಂದವು. ಚೌಕದ ನಡುವೆ ಎಲ್ಲವೂ ಸಿಕ್ಕಿಕೊಂಡವು.

ಆಗ ಸೈರನ್ ಕೇಳಿತು.

ಅಂಬುಲೆನ್ಸ್ ಅಡ್ಡರಸ್ತೆಯಿಂದ ಬಂದು ಅಲ್ಲೇ ನಿಂತಿತು. ಚಾಲಕ ಕೈಮುಗಿಯುತ್ತಿದ್ದ. ಕಿಟಕಿಯ ಗಾಜನ್ನು ಮುದುಕಿಯೊಬ್ಬಳು ಒಳಗಿನಿಂದ ಬಡಿಯುತ್ತಿದ್ದಳು. ಆ ಮುಖ ಸುಭದ್ರಾಬಾಯಿಗೆ ಗೊತ್ತಿತ್ತು. ತನ್ನದೇ ಓಣಿಯ ಖುರ್ಷಿದಬೇಗಂ! ಅವಳ ಸೊಸೆ ಮುಮತಾಜಳನ್ನು ಹೆರಿಗೆಗೆಂದು ಹಿಂದಿನ ದಿನವೇ ಅಫಜಲಪುರದ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿ ರಕ್ತಸ್ರಾವ ನಿಲ್ಲದೆ ಈಗ ಶಹರಕ್ಕೆ ಕಳಿಸಿದ್ದರು.

ಗಾಡಿಗಳು ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಕೂಸು ಬದುಕಿತು. ಮುಮತಾಜ ಬದುಕಲಿಲ್ಲ.

ಬೇಗ ಮುಟ್ಟಿದ್ದರೆ ಉಳಿಯುತ್ತಿದ್ದಳೇ? ಯಾರೂ ಹೇಳಲಾರರು. ಸುಭದ್ರಾಬಾಯಿಗೆ ಅನ್ನ ಸೇರಲಿಲ್ಲ. ಮಗ ಅನೀಲಕುಮಾರ ಸಿಡುಕಿದ: "ನಿನ್ನ ಒಬ್ಬಾಕಿ ತಪ್ಪೇನವ್ವಾ? ಒಂದು ಗಾಡಿ ಸಲುವಾಗಿ ಇಡೀ ಶಹರ ನಿಂದ್ರಬೇಕೇನು? ನಾನಂತೂ ಅಂಬುಲೆನ್ಸ್ ಬೆನ್ನು ಹತ್ತಿ ಪಾರಾಗ್ತೇನಿ."

"ನಡಿ, ಈ ಮಾತು ಅವರ ಮನ್ಯಾಗ ಹೇಳು," ಎಂದು ತಾಯಿ ಅವನನ್ನು ಕರೆದುಕೊಂಡೇ ಹೋದಳು.

ಖುರ್ಷಿದಬೇಗಂ ಕೂಸಿಗೆ ಬಾಟಲಿ ಹಾಲು ಕುಡಿಸುತ್ತಿದ್ದಳು. "ದೀಪ ಹಸಿರಿತ್ತು ಬಾಯಿ. ಯಾವುದೋ ಟಂಟಂ ಅಡ್ಡ ನಿಂತಿತ್ತು," ಎಂದಳು.

"ಅದರಾಗ ನಾನಿದ್ದೆ. ಹೊಡಿ ಅಂದಾಕಿ ನಾನೇ."

ಖುರ್ಷಿದಬೇಗಂ ಬೈಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. "ಇದನ್ನ ನಾಕು ಮಂದಿಗಿ ಹೇಳ್ತಿಯೇನು?" ಎಂದಷ್ಟೇ ಕೇಳಿದಳು.

ಅನೀಲಕುಮಾರ ಕೂಸಿನ ಮುಖ ನೋಡಿ ಕಣ್ಣು ತಗ್ಗಿಸಿದ. ಹೊರಗೆ ಬಂದು, "ಇನ್ನ ಮ್ಯಾಲ ನಿಂದ್ರತೇನವ್ವಾ," ಎಂದ.

ಸುಭದ್ರಾಬಾಯಿ ಈಗ ಮಹಿಳಾ ಸಂಘದಲ್ಲಿ, ಸಂತೆಯಲ್ಲಿ ಈ ಮಾತು ಹೇಳುತ್ತಾಳೆ. ಹೊಡಿ ಅಂದವಳು ತಾನೇ ಎಂಬುದನ್ನೂ ಮುಚ್ಚಿಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೆಂಪು ದೀಪ ತಡವಾದರೆ ಸಿಗ್ನಲ್ ಕೆಟ್ಟಿದೆ ಎಂದು ನುಗ್ಗಬೇಡಿ. ನೀವು ಕಾಣದ ಅಂಬುಲೆನ್ಸ್ ಆ ಕಡೆಯಿಂದ ಬರುತ್ತಿರಬಹುದು. ಬಂದಾಗ ಪಕ್ಕಕ್ಕೆ ಸರಿಯಿರಿ, ಅದರ ಬೆನ್ನು ಹತ್ತಬೇಡಿ. ಗಾಡಿ ಓಡಿಸುವವರಿಗೆ ಅವಸರ ಮಾಡಬೇಡಿ. ಸಿಗ್ನಲ್ ಹಸಿರು ಕೊಡಬಲ್ಲದು, ದಾರಿ ಕೊಡಬೇಕಾದವರು ನಾವೇ.